ಬಿಡುವವನಲ್ಲ

ನನ್ನ ಗಂಡ ಚುನಾವಣೆಗೆ ನಿಂತದ್ದು ಪಕ್ಷದ ಬಲದಿಂದಲೂ ಅಲ್ಲ, ಜನಬಲದಿಂದಲೂ ಅಲ್ಲ, ಒಂದೇ ಒಂದು ವಾಕ್ಯದ ಬಲದಿಂದ. ಆ ವಾಕ್ಯ ಬರೆದುಕೊಟ್ಟ ಪಾಪಿ ನಾನು. ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ಅಷ್ಟು ವರ್ಷದಲ್ಲಿ ವ್ಯಾಕರಣದಿಂದ ಯಾರಿಗಾದರೂ ಲಾಭವಾದದ್ದು ನಾನು ಕಂಡದ್ದು ಅದೇ ಮೊದಲು.

ಆ ಸಲ ರಸ್ತೆ, ನೀರು, ಚರಂಡಿ ಯಾವುದನ್ನೂ ಕೇಳುವವರಿರಲಿಲ್ಲ. ಎಲ್ಲರ ಬಾಯಲ್ಲೂ ಬಂದೂಕು. ಮನೆಗಳಲ್ಲಿರುವ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು ಅನ್ನುವ ಕಾನೂನು ಬರುವುದರಲ್ಲಿತ್ತು. ಶೂಟಿಂಗ್ ಕ್ಲಬ್ಬಿನವರು ‘ನಮ್ಮ ಮನೆ, ನಮ್ಮ ಬಂದೂಕು’ ಎಂದು ಬೋರ್ಡು ಹಾಕಿದರು. ಎದುರು ಬೀದಿಯ ತಾಯಂದಿರ ಸಂಘದವರು ‘ಮಕ್ಕಳಿರುವ ಮನೆಗೆ ಬಂದೂಕು ಬೇಡ’ ಎಂದು ಬ್ಯಾನರು ಕಟ್ಟಿದರು. ಕ್ಲಬ್ಬಿನ ಅಧ್ಯಕ್ಷರ ಹೆಂಡತಿಯೇ ಸಂಘದ ಕಾರ್ಯದರ್ಶಿ. ಆ ಮನೆಯಲ್ಲಿ ಊಟ ಹೇಗೆ ನಡೆಯುತ್ತಿತ್ತೋ ದೇವರೇ ಬಲ್ಲ.

ನನ್ನ ಗಂಡನದು ಬೀಗದ ಅಂಗಡಿ. ಯಾವ ಬೀಗ ಒಳ್ಳೆಯದು ಎಂದು ಗಿರಾಕಿ ಕೇಳಿದರೆ, ‘ಎಲ್ಲಾನೂ ಒಳ್ಳೇದೇ, ನಿಮ್ಮ ಬಾಗಿಲು ನೋಡ್ಕೊಂಡು ಹೇಳ್ಬೇಕು’ ಎನ್ನುವ ಆಸಾಮಿ. ರಾಜಕೀಯಕ್ಕೆ ಇಷ್ಟು ಅರ್ಹತೆ ಸಾಕು ಎಂದು ಕಂಡುಹಿಡಿದವರು ನನ್ನ ನಾದಿನಿಯ ಗಂಡ. ಅವರು ವಿಮೆ ಏಜೆಂಟು, ನಾವೆಲ್ಲ ಕರೆಯುವುದೇ ವಿಮೆಯವರು ಎಂದು. ಸಾವಿನ ವಿಷಯ ತೆಗೆದರೂ ಮುಖದ ಮೇಲಿನ ನಗು ಮಾಸದ ಮನುಷ್ಯ. ಚುನಾವಣೆಯ ಉಸ್ತುವಾರಿ ಅವರದೇ.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ತಲೆ ಕೆರೆದುಕೊಳ್ಳುತ್ತ ಕೂತಿದ್ದರು. ಬಂದೂಕಿನ ಬಗ್ಗೆ ಅಭ್ಯರ್ಥಿಯ ನಿಲುವೇನು ಎಂದು ಎರಡೂ ಕಡೆಯವರು ಪತ್ರ ಬರೆದು ಕೇಳಿದ್ದರು.

“ಒಂದು ಕಡೆ ವಾಲಿದ್ರೆ ಇನ್ನೊಂದು ಕಡೆ ವೋಟು ಹೋಯ್ತು ಭಾವ,” ಎಂದರು ನನ್ನ ಗಂಡ.

“ವಾಲೋದು ಯಾಕೆ? ನಿಂತ ಹಾಗೂ ಇರಬೇಕು, ವಾಲಿದ ಹಾಗೂ ಇರಬೇಕು. ಅಂಥದ್ದೊಂದು ಮಾತು ಬೇಕು,” ಎಂದರು ವಿಮೆಯವರು.

ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ‘ಬಿಡು’ ಎಂಬ ಕ್ರಿಯಾಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಿ ಐದು ವಾಕ್ಯ ಬರೆಯಿರಿ ಎಂಬುದು ಪ್ರಶ್ನೆ. ಮಕ್ಕಳು ಕೈ ಬಿಟ್ಟಿದ್ದರು, ಬಾಯಿ ಬಿಟ್ಟಿದ್ದರು, ನಿಟ್ಟುಸಿರು ಬಿಟ್ಟಿದ್ದರು. ಒಬ್ಬಳು ಜಾಣೆ ‘ನಮ್ಮ ಮಾವ ರೈಲು ಬಿಡುತ್ತಾರೆ’ ಎಂದು ಬರೆದು, ಮಾವ ರೈಲ್ವೆಯಲ್ಲಿಲ್ಲ ಎಂದು ಕಂಸದಲ್ಲಿ ಸೇರಿಸಿದ್ದಳು. ಅವಳಿಗೆ ಪೂರ್ತಿ ಅಂಕ ಹಾಕಿ, ತಲೆಯೆತ್ತದೆ ತಮಾಷೆಗೆ ಹೇಳಿದೆ: “ಬಂದೂಕನ್ನು ನಾನು ಬಿಡುವವನಲ್ಲ ಅನ್ನಿ. ಮುಗೀತು.”

ವಿಮೆಯವರು ಆ ವಾಕ್ಯವನ್ನು ಎರಡು ಸಲ ಬಾಯಲ್ಲಿ ಹೊರಳಾಡಿಸಿದರು. ಕ್ಲಬ್ಬಿನವರಿಗೆ ಅದು ಪ್ರಾಣ ಹೋದರೂ ಬಂದೂಕು ಕೈಬಿಡಲಾರೆ ಎಂದು ಕೇಳುತ್ತದೆ. ತಾಯಂದಿರಿಗೆ ಬಂದೂಕಿಗೆ ಒಂದು ಗತಿ ಕಾಣಿಸದೆ ಬಿಡುವುದಿಲ್ಲ ಎಂದು ಕೇಳುತ್ತದೆ. ಎರಡಕ್ಕೂ ಅಕ್ಷರ ಒಂದೇ.

“ಅಮ್ಮಾ ತಾಯಿ, ನೀನು ಶಾಲೆಯಲ್ಲಿ ಕೂತು ಹಾಳಾಗ್ತಿದ್ದೀಯ,” ಎಂದು ವಿಮೆಯವರು ಕೈ ಮುಗಿದರು. ನನಗೂ ಒಳಗೊಳಗೇ ಕೋಡು ಮೂಡಿತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುದಿನದಿಂದ ವಾಕ್ಯ ಊರು ಸುತ್ತಿತು. ಬೆಳಿಗ್ಗೆ ಕ್ಲಬ್ಬಿನಲ್ಲಿ ನನ್ನ ಗಂಡ ಎದೆಯ ಮೇಲೆ ಕೈಯಿಟ್ಟು, “ಬಂದೂಕನ್ನು ನಾನು ಬಿಡುವವನಲ್ಲ,” ಎಂದರು. ಮೀಸೆಗಳು ಕುಣಿದವು. ಸಂಜೆ ಸಂಘದಲ್ಲಿ ಬೆರಳೆತ್ತಿ ಅಲ್ಲಾಡಿಸುತ್ತ, “ಬಂದೂಕನ್ನು ನಾನು ಬಿಡುವವನಲ್ಲ,” ಎಂದರು. ತಾಯಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೈ ಎಲ್ಲಿರಬೇಕು ಎಂದು ಹೇಳಿಕೊಟ್ಟವಳೂ ನಾನೇ. ಪತ್ರಕರ್ತನೊಬ್ಬ “ಅಂದ್ರೆ ಏನ್ಸಾರ್ ಅರ್ಥ?” ಎಂದು ಕೇಳಿದ. “ಅಂದ್ರೆ, ಬಿಡೋದಿಲ್ಲ ಅಂತ,” ಎಂದರು. ಅವನು ತಲೆಯಾಡಿಸಿ ಬರೆದುಕೊಂಡ.

ಊರಿಗೆಲ್ಲ ಬೀಗ ಮಾರುವ ಈ ಅಭ್ಯರ್ಥಿಯ ಮನೆಯಲ್ಲೇ ಬೀಗವಿಲ್ಲದ ಒಂದು ಬಂದೂಕಿತ್ತು. ಅದು ನನ್ನ ಮಾವನವರದು. ಬಾಗಿಲ ಹಿಂದೆ ಕೊಡೆಗಳ ಜೊತೆ ನಿಂತಿರುತ್ತಿತ್ತು, ಎರಡು ನಳಿಗೆಯದು.

ಮಾವ ಮೂವತ್ತೊಂದು ವರ್ಷ ಬ್ಯಾಂಕಿನ ಬಾಗಿಲಲ್ಲಿ ಸ್ವಂತ ಬಂದೂಕು ಹಿಡಿದು ಕಾವಲಿದ್ದರು. ಒಂದು ಸಲವೂ ಹಾರಿಸಲಿಲ್ಲ. ದಿನಾ ಸಂಜೆ ಆರಕ್ಕೆ ತೋಟಾ ತೆಗೆದು, ಬಂದೂಕನ್ನು ಬ್ಯಾಂಕಿನ ಒಳಕೋಣೆಗೆ ಒಪ್ಪಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಮನೆಗೆ ಬರುತ್ತಿದ್ದರು. ನಿವೃತ್ತಿಯ ದಿನ ಮಾತ್ರ ಬ್ಯಾಂಕಿನವರು ಹಾರ ಹಾಕಿ, ಫೋಟೋ ತೆಗೆಸಿ, ಬಂದೂಕು ನಿಮ್ಮದೇ ಅಲ್ಲವೇ ಎಂದು ಅವರ ಕೈಗೇ ಕೊಟ್ಟು ಕಳಿಸಿದರು. ಆ ದಿನದ ಸಹಿ ಆಗಲೇ ಇಲ್ಲ.

ಈಗ ಎರಡು ವರ್ಷದಿಂದ ಅವರಿಗೆ ಮರೆವು. ಒಮ್ಮೊಮ್ಮೆ ನಾನು ಸೊಸೆ, ಒಮ್ಮೊಮ್ಮೆ ಬ್ಯಾಂಕಿನ ಮ್ಯಾನೇಜರು. ಮ್ಯಾನೇಜರಾದ ದಿನ ನನಗೆ ಹೆಚ್ಚು ಮರ್ಯಾದೆ. ಬಂದೂಕನ್ನು ಒಂದು ಸಲ ಬೀರುವಿನಲ್ಲಿ ಬಚ್ಚಿಟ್ಟು ನೋಡಿದ್ದೆ. ಬ್ಯಾಂಕಿನ ಬಂದೂಕು ಕಳವಾಯಿತು ಎಂದು ಬೀದಿಯಲ್ಲಿ ನಿಂತು ಮಗುವಿನ ಹಾಗೆ ಅತ್ತುಬಿಟ್ಟರು. ತಡೆಯಲಾರದೆ ತಂದು ಅಲ್ಲೇ ಇಟ್ಟೆ. ಅದರಲ್ಲಿ ತೋಟಾ ಇಲ್ಲ ಎಂದು ನನ್ನ ಗಂಡ ಹೇಳಿದ್ದರು. ನಾನು ನಂಬಿದ್ದೆ.

ಮತದಾನಕ್ಕೆ ಹನ್ನೊಂದು ದಿನ ಇದ್ದಾಗ, ಒಂದು ಮಂಗಳವಾರ, ನನಗೆ ಅರ್ಧ ದಿನ ರಜೆ ಸಿಕ್ಕಿತು. ಉಳಿದ ದಿನ ನಮ್ಮ ಒಂಬತ್ತು ವರ್ಷದ ಮಗಳು ಮೂರೂವರೆಗೇ ಮನೆ ಸೇರುತ್ತಾಳೆ, ನಾನು ಬರುವುದು ನಾಲ್ಕೂವರೆಗೆ. ಆ ಒಂದು ಗಂಟೆ ಅಜ್ಜ ಮೊಮ್ಮಗಳು ಇಬ್ಬರೇ. ಅಂದು ಶಾಲೆಯಲ್ಲಿ ನಾಟಕದ ಅಭ್ಯಾಸವಿತ್ತಂತೆ. ಅವಳು ಕರಡಿಯ ಮುಖವಾಡ ಹಾಕಿಕೊಂಡೇ ಬಂದು ಬಾಗಿಲು ತಟ್ಟಿದಳು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ.

“ಯಾರದು? ಕೈ ಮೇಲೆತ್ತು,” ಎಂದಿತು ಮಾವನವರ ಧ್ವನಿ. ನಾನು ಎಂದೂ ಕೇಳಿರದ ಗಟ್ಟಿ ಧ್ವನಿ.

ಹೊರಗೆ ಬಂದು ನೋಡುತ್ತೇನೆ, ಎರಡು ನಳಿಗೆಗಳೂ ಕರಡಿಯ ಮೂಗಿನ ನೇರಕ್ಕಿವೆ. ಕರಡಿ ಎರಡೂ ಕೈ ಎತ್ತಿಕೊಂಡು ಮುಖವಾಡದೊಳಗೆ ಕಿಸಿಕಿಸಿ ನಗುತ್ತಿದೆ. ಕಿರುಚಿದರೆ ಕೆಟ್ಟೆ ಎಂದು ಅದು ಹೇಗೆ ಹೊಳೆಯಿತೋ.

“ಸ್ಟಾಫು ಇವರೇ, ನಮ್ಮ ಸ್ಟಾಫು. ಒಳಗೆ ಬಿಡಿ,” ಎಂದೆ, ಮ್ಯಾನೇಜರ ಗತ್ತಿನಲ್ಲಿ.

ಮಾವ ಬಂದೂಕು ಇಳಿಸಿದರು. “ಐಡಿ ಕಾರ್ಡು ಹಾಕ್ಕೊಂಡು ಬರೋಕೆ ಹೇಳಿ ಮೇಡಂ,” ಎಂದು ಸಲಾಮು ಹೊಡೆದರು.

ಅವರು ಬಚ್ಚಲಿಗೆ ಹೋದಾಗ ಬಂದೂಕನ್ನು ನಳಿಗೆಯ ಬುಡದಲ್ಲಿ ಮಡಚಿ ತೆರೆದು ನೋಡಿದೆ. ಎರಡು ತೋಟಾ, ಎರಡೂ ಹಾರಿಸದವು, ಬ್ಯಾಂಕಿನ ಕಾಲದವೇ ಇರಬೇಕು. ಅವುಗಳನ್ನು ರವಿಕೆಯ ಕೈಯೊಳಗೆ ಸಿಕ್ಕಿಸಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಮಗಳು ಬಂದು, ಅಮ್ಮಾ ನಾನು ಅಷ್ಟೊಂದು ಚೆನ್ನಾಗಿ ಕರಡಿ ಮಾಡಿದ್ನಾ ಎಂದು ಕೇಳಿದಳು.

ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನೇರ ಅಂಗಡಿಗೆ ಹೋದೆ. ಅಂಗಡಿಯ ಹಿಂದಿನ ಕೋಣೆಯೇ ಚುನಾವಣಾ ಕಚೇರಿ. ಬೀಗದ ಡಬ್ಬಗಳ ಮೇಲೆಲ್ಲ ಹೊಸ ಪೋಸ್ಟರುಗಳಲ್ಲಿ ನನ್ನ ಗಂಡನ ಮುಖ ಒಣಗಲು ಹರಡಿತ್ತು. ತೋಟಾ ಎರಡನ್ನೂ ಮೇಜಿನ ಮೇಲಿಟ್ಟು ನಡೆದದ್ದು ಹೇಳಿದೆ. ನನ್ನ ಗಂಡನ ಮುಖ ಬಿಳುಚಿಕೊಂಡಿತು. ವಿಮೆಯವರ ನಗು ಮಾತ್ರ ಇದ್ದಲ್ಲೇ ಇತ್ತು.

“ಹನ್ನೊಂದೇ ದಿನ ಅಮ್ಮಾ. ಈಗ ಬಂದೂಕು ಠಾಣೆಗೆ ಹೋದ್ರೆ ಹೆದರಿ ಒಪ್ಪಿಸಿದ್ರು ಅಂತ ಕ್ಲಬ್ಬಿನವರು ಕೈ ಬಿಡ್ತಾರೆ. ಯಾಕೆ ಹೋಯ್ತು ಅಂತ ಗೊತ್ತಾದ್ರೆ ಸಂಘದವರು ಜಾಡಿಸ್ತಾರೆ. ಅಲ್ಲೀವರೆಗೆ ಮಗು ಪಕ್ಕದ ಮನೇಲಿರಲಿ,” ಎಂದರು ಅವರು.

“ನಾನು ನಿಮ್ಮನ್ನ ಕೇಳಲಿಲ್ಲ,” ಎಂದು ಗಂಡನ ಕಡೆ ತಿರುಗಿದೆ. “ರೀ, ಒಂದೇ ಮಾತು ಹೇಳಿ. ಅದನ್ನ ಮನೇಲಿ ಇಡ್ತೀರೋ, ಕಳಿಸ್ತೀರೋ?”

ಅವರು ನನ್ನ ಹೆಗಲು ಮುಟ್ಟಿದರು. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು. ಆಮೇಲೆ ಮೆತ್ತಗೆ, “ಆ ಬಂದೂಕನ್ನ ನಾನು ಬಿಡೋನಲ್ಲ ಕಣೆ,” ಎಂದರು.

ನಾನು ಅವರ ಕೈ ನೋಡಿದೆ. ಎದೆಯ ಮೇಲೂ ಇರಲಿಲ್ಲ, ಬೆರಳೂ ಎದ್ದಿರಲಿಲ್ಲ. ನಾನೇ ಹೊಸೆದ ವಾಕ್ಯ, ಹತ್ತೊಂಬತ್ತು ವರ್ಷದ ವ್ಯಾಕರಣ, ಆದರೂ ನನ್ನ ಗಂಡ ನನಗೆ ಏನು ಹೇಳಿದರು ಎಂದು ಗೊತ್ತಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ. ತೋಟಾಗಳನ್ನು ಎತ್ತಿಕೊಂಡು ಹೊರಟುಬಂದೆ.

ಮನೆಗೆ ಬಂದಾಗ ಐದೂವರೆ. ಲೈಸೆನ್ಸು ಮಾವನವರ ಹೆಸರಿನಲ್ಲಿದೆ, ಅವರು ಬಾರದೆ ಠಾಣೆಯವರು ಬಂದೂಕು ತೆಗೆದುಕೊಳ್ಳುವುದಿಲ್ಲ. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನಾನು ಮುಂದೆ ನಿಂತು, “ಇವತ್ತಿನ ಡ್ಯೂಟಿ ಆಯ್ತು. ಬಂದೂಕು ಒಪ್ಪಿಸಿ ಸಹಿ ಹಾಕೋಣ ಬನ್ನಿ,” ಎಂದೆ.

ಮಾವ ಗಡಿಯಾರ ನೋಡಿದರು. “ಆರು ಆಗ್ಲಿಲ್ವಲ್ಲ ಮೇಡಂ.”

“ಹೋಗೋಷ್ಟರಲ್ಲಿ ಆಗತ್ತೆ.”

ಎದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಬಂದೂಕು ಮಡಚಿ ತೆರೆದು ನಳಿಗೆಯೊಳಗೆ ಇಣುಕಿ, “ಖಾಲಿ,” ಎಂದು ಗಟ್ಟಿಯಾಗಿ ಹೇಳಿದರು. ಬೆಳಿಗ್ಗೆ ಚಪ್ಪಲಿಯ ಎಡಬಲ ತಿಳಿಯದೆ ಒದ್ದಾಡಿದ್ದ ಕೈಗಳು ಅವೇ. ದಿಂಬಿನ ಚೀಲದಲ್ಲಿ ಬಂದೂಕು ಸುತ್ತಿಕೊಂಡು, ಆಟೋ ಹತ್ತಿ ಠಾಣೆಗೆ ಹೋದೆವು.

ಅಲ್ಲಿನ ಗುಮಾಸ್ತ ತೋಟಾ ಎಣಿಸಿ, ನಂಬರು ನೋಡಿ, ಅರ್ಜಿ ಮುಂದಿಟ್ಟ. ‘ಒಪ್ಪಿಸಲು ಕಾರಣ’ ಎಂದು ಒಂದು ಸಾಲು ಖಾಲಿಯಿತ್ತು. ನಾನು ಏನು ಬರೆಯಲಿ ಎಂದು ಪೆನ್ನು ಹಿಡಿದು ಯೋಚಿಸುತ್ತಿದ್ದೆ. ಎರಡು ಅರ್ಥ ಬರುವ ನಾಲ್ಕು ವಾಕ್ಯ ಆಗಲೇ ತಲೆಯಲ್ಲಿ ತಯಾರಾಗಿದ್ದವು, ಹಾಳು ಅಭ್ಯಾಸ. ಮಾವ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದರು: ‘ಪಾಳಿ ಮುಗಿದಿದೆ.’ ಕೆಳಗೆ ಸಹಿ, ಸಮಯ ಆರು ಗಂಟೆ. ಆಟೋದಲ್ಲಿ ಬರುವಾಗ ಬೀಸುವ ಗಾಳಿಗೆ ಮುಖವೊಡ್ಡಿ ನಿದ್ದೆ ಹೋದರು.

ಮರುದಿನ ಊರಿನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬಂತು: ‘ಬಂದೂಕು ಬಿಟ್ಟ ಅಭ್ಯರ್ಥಿಯ ತಂದೆ.’ ಬರೆದವನು ಅದೇ ಪತ್ರಕರ್ತ. ಎಂಟು ಗಂಟೆಗೆಲ್ಲ ಪಕ್ಕದ ಮನೆಯಾಕೆ ಓಡಿಬಂದು, “ಯಾರಿಗ್ರೀ ತಗುಲಿತು? ಜೀವ ಇದೆಯಾ?” ಎಂದು ಕೇಳಿದರು. ವಿಮೆಯವರು ಫೋನಿನಲ್ಲಿ ಮೊದಲ ಬಾರಿಗೆ ನಗುವಿಲ್ಲದೆ ಮಾತಾಡಿದರು.

ನನ್ನ ಗಂಡ ನನ್ನ ಮೇಲೆ ಎರಡು ದಿನ ಹಾರಾಡಿದರು. ಕೇಳದೆ ಮಾಡಿದೆ, ಮಾನ ತೆಗೆದೆ, ಮೊದಲೇ ಹೇಳಬಾರದಿತ್ತೇ ಎಂದು. ಹೇಳಿದ್ದೆನಲ್ಲ ಎಂದೆ. ಮೂರನೆಯ ದಿನ ಠಾಣೆಯವರು ಕೊಟ್ಟ ನಕಲು ಅವರ ಕೈಗೆ ಸಿಕ್ಕಿತು. ಅಪ್ಪನ ಅಕ್ಷರ ನೋಡುತ್ತ ಬಹಳ ಹೊತ್ತು ನಿಂತರು. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಕೊನೆಯ ಸಭೆ ಮೈದಾನದಲ್ಲಿ. ಈ ಪಕ್ಕ ಮೀಸೆಗಳು, ಆ ಪಕ್ಕ ತಾಯಂದಿರು. ಕ್ಲಬ್ಬಿನ ಅಧ್ಯಕ್ಷರೇ ಎದ್ದು, “ನಿಮ್ಮ ಮನೆ ಬಂದೂಕು ಎಲ್ಲಿ ಸ್ವಾಮಿ?” ಎಂದು ಕೇಳಿದರು. ನನ್ನ ಗಂಡನ ಕೈ ಎದೆಯ ಕಡೆಗೆ ಹೊರಟಿತು, ಅರ್ಧದಲ್ಲಿ ಜೇಬಿಗೆ ಇಳಿಯಿತು. ಆ ಕಾಗದ ಬಿಚ್ಚಿದರು.

“ಠಾಣೇಲಿದೆ. ನಮ್ಮಪ್ಪನಿಗೆ ಮರೆವು. ನನ್ನ ಮಗಳ ಕಡೆಗೆ ಗುರಿಯಿಟ್ಟಿದ್ರು, ತುಂಬಿದ ಬಂದೂಕು. ತೋಟಾ ಇಲ್ಲ ಅಂತ ನಾನು ಹೆಂಡತಿಗೆ ಹೇಳಿದ್ದೆ, ನೋಡಿರಲಿಲ್ಲ. ಹನ್ನೊಂದು ದಿನ ಕಾಯೋಣ ಅಂತಾನೂ ಇದ್ದೆ. ಹಾಗಂದುಕೊಳ್ಳಬಾರದಿತ್ತು. ಮನೇಲಿ ಬಂದೂಕು ಬೇಡ, ನನಗೆ ಗೊತ್ತಿರೋದು ಅಷ್ಟೇ,” ಎಂದರು.

ಮೀಸೆಗಳು ಒಂದೊಂದಾಗಿ ಎದ್ದು ಹೋದವು. ತಾಯಂದಿರೂ ಚಪ್ಪಾಳೆ ತಟ್ಟಲಿಲ್ಲ, ಕಾಯೋಣ ಅಂದುಕೊಂಡನಲ್ಲ ಈ ಮನುಷ್ಯ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಾತ್ರ ಮುಂದಿನ ಸಾಲಿನಲ್ಲಿ ಕೂತು ನಾಚಿಕೆಯಿಲ್ಲದೆ ಅತ್ತೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರನ್ನು ಅಷ್ಟು ಇಷ್ಟಪಟ್ಟದ್ದು ನೆನಪಿಲ್ಲ.

ಸೋತರು. ಠೇವಣಿಯೂ ಹೋಯಿತು. ಸೋಲಿಗೆ ಕಾರಣವೇನು ಎಂದು ಯಾರೋ ಕೇಳಿದ್ದಕ್ಕೆ ವಿಮೆಯವರು, “ಹೇಳಿದ್ದು ಎಲ್ಲರಿಗೂ ಅರ್ಥ ಆಗಿಬಿಡ್ತು,” ಎಂದರಂತೆ.

ಈಗ ನಾನು ದಿನಾ ಬೇಗ ಮನೆಗೆ ಬರುತ್ತೇನೆ. ಮೂರೂವರೆಗೆ ಬಾಗಿಲು ತಟ್ಟಿದ ಸದ್ದಾಗುತ್ತದೆ, “ಯಾರದು? ಕೈ ಮೇಲೆತ್ತು,” ಎನ್ನುತ್ತಾರೆ ಮಾವ. ಉತ್ತರಪತ್ರಿಕೆಯ ಮೇಲೆ ನನ್ನ ಕೆಂಪು ಪೆನ್ನು ತಟ್ಟನೆ ನಿಲ್ಲುತ್ತದೆ. ತಲೆಯೆತ್ತಿ ನೋಡುತ್ತೇನೆ. ಅವರ ಕೈಯಲ್ಲಿರುವುದು ಕೊಡೆ. ಮಗಳು ಎರಡೂ ಕೈ ಎತ್ತಿ, ಕೊರಳಿಗೆ ನೇತುಹಾಕಿಕೊಂಡ ಶಾಲೆಯ ಕಾರ್ಡು ತೋರಿಸುತ್ತಾಳೆ.

“ಸ್ಟಾಫು,” ಎನ್ನುತ್ತಾರೆ ಮಾವ, ಕೊಡೆ ಇಳಿಸುತ್ತ. “ಒಳಗೆ ಬಿಡಬಹುದಾ ಮೇಡಂ?”

“ಬಿಡಿ,” ಎನ್ನುತ್ತೇನೆ.