ಎರಡು ಬೆರಳಿನ ಬಿಗಿ

ಅಕ್ಕ ಕಂಪ್ಯೂಟರನ್ನು ಹಳೆಯ ಚಾದರದಲ್ಲಿ ಸುತ್ತಿ, ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಇಳಿಸಿ, ಬೆವರು ಒರೆಸಿಕೊಂಡು ಸ್ಟೂಲಿನಲ್ಲಿ ಕೂತಳು.

"ನೋಡೋ, ಇದಕ್ಕೆ ಮರೆವಿನ ಕಾಯಿಲೆ. ದೊಡ್ಡ ಡಿಸೈನ್ ತೆಗೆದರೆ ಸಾಕು, ಬೆಪ್ಪಾಗಿ ನಿಂತುಬಿಡುತ್ತೆ. ಅಲ್ಲಿ ಕಸೂತಿ ಮಷೀನು ಸೂಜಿ ಎತ್ತಿಕೊಂಡು ಕಾಯ್ತಿರುತ್ತೆ, ಇಲ್ಲಿ ನಾನು."

ಒಂದು ವರ್ಷದಿಂದ ಅಕ್ಕ ಮನೆಯಲ್ಲೇ ಕಸೂತಿ ಕೆಲಸ ಮಾಡುತ್ತಾಳೆ. ಹೂವು, ಬಳ್ಳಿ, ಶಾಲೆಯ ಲಾಂಛನ, ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿಕೊಂಡು ಆಮೇಲೆ ಮಷೀನಿಗೆ ಕೊಡಬೇಕು.

"ಭಾವನಿಗೆ ತೋರಿಸಲಿಲ್ವಾ?" ಎಂದೆ. ಕೇಳಬಾರದಿತ್ತು.

"ಅವರು ಇದರ ಮುಚ್ಚಳ ಮುಟ್ಟಲ್ಲ. ಮೂರು ವರ್ಷದಿಂದ ಮುಟ್ಟಿಲ್ಲ. ಅಂಗಡಿ ಅಂಗಡಿ ತಿರುಗಿ ತೂಕದ ಮಷೀನೆಲ್ಲ ರಿಪೇರಿ ಮಾಡಿ ಬರ್ತಾರೆ. ಇದನ್ನ ನೋಡಿ ಅಂದ್ರೆ, 'ಅದು ನಿನ್ನ ತಮ್ಮನ ಕೆಲಸ' ಅಂತಾರೆ. ಯಾಕೆ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಚಾದರ ಬಿಚ್ಚುವಾಗಲೇ ಆ ಕಂಪ್ಯೂಟರಿನ ಗುರುತು ಹತ್ತಿತ್ತು.

ಈ ಅಂಗಡಿಯನ್ನು ಶುರು ಮಾಡಿದ್ದು ನಾನು ಮತ್ತು ಭಾವ, ಇಬ್ಬರೂ ಸೇರಿ. ನನಗೆ ಕೆಲಸ ಕಲಿಸಿದ್ದೂ ಅವರೇ. ಅವರು ನಿಧಾನ, ನಾನು ಅವಸರ. ಸ್ಕ್ರೂ ಹಾಕುವಾಗ ಅವರು ಸ್ಕ್ರೂಡ್ರೈವರಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಲೇ ಇರಲಿಲ್ಲ. ಎರಡು ಬೆರಳಲ್ಲಿ ತಿರುಗಿಸಿ, ಅದು ನಿಂತಲ್ಲಿಗೆ ತಾವೂ ನಿಲ್ಲಿಸುತ್ತಿದ್ದರು. "ಎರಡು ಬೆರಳಿನ ಬಿಗಿ ಸಾಕು ಕಣಯ್ಯ. ನಿನ್ನದು ಕಂಪ್ಯೂಟರ್ ಕೈ ಅಲ್ಲ, ಲಾರಿ ಚಕ್ರದ ಕೈ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಬಿಗಿಯುವುದನ್ನು ಬಿಡುತ್ತಿರಲಿಲ್ಲ.

ಈ ಕಂಪ್ಯೂಟರ್ ಆಗ ಫೋಟೊ ಸ್ಟುಡಿಯೊದ ಯಜಮಾನರದ್ದು. ಎಂಟು ಜಿಬಿಯ ಎರಡು ಮೆಮೊರಿ ಪಟ್ಟಿ ಹಾಕಿ, ಪ್ರೊಸೆಸರಿನ ಮೇಲೆ ಹೊಸ ಫ್ಯಾನ್ ಕೂರಿಸಿಕೊಡಿ ಎಂದಿದ್ದರು. ಮೆಮೊರಿ ತಂದು ಹಾಕಿದ್ದು ಭಾವ. ಫ್ಯಾನಿನ ನಾಲ್ಕು ಸ್ಕ್ರೂ ಬಿಗಿದದ್ದು ನಾನು. ಯಜಮಾನರು ಬಂದು ಆನ್ ಮಾಡಿಸಿ ನೋಡಿದರೆ ಪರದೆಯ ಮೇಲೆ ಹೀಗೆ ಬಂತು: ಅಳವಡಿಸಿದ್ದು ಹದಿನಾರು, ಬಳಕೆಗೆ ಸಿಗುವುದು ಎಂಟಕ್ಕೂ ಚೂರು ಕಡಿಮೆ.

"ಏನ್ರೀ ಇದು? ಇನ್ನರ್ಧ ಎಲ್ಲಿ?" ಎಂದರು ಅವರು.

ಅಂಗಡಿಯಲ್ಲಿ ಇನ್ನೂ ಮೂರು ಗಿರಾಕಿಗಳಿದ್ದರು. ನನಗೆ ಮುಖ ಬಿಸಿಯಾಯಿತು. ಭಾವನ ಕಡೆ ತಿರುಗಿ ಎಲ್ಲರ ಎದುರಿಗೇ ಅಂದುಬಿಟ್ಟೆ: "ಹಳೇ ಪಟ್ಟಿ ಒರೆಸಿ ಹೊಸದು ಅಂತ ಹಾಕಿದ್ರಾ ಭಾವ?"

ಅವರು ಸಿಟ್ಟಾಗಲಿಲ್ಲ. "ಇರು, ಫ್ಯಾನ್ ಸ್ವಲ್ಪ ಸಡಿಲ ಮಾಡಿ ನೋಡ್ತೀನಿ" ಎಂದು ಕೈ ಚಾಚಿದರು.

"ಮುಟ್ಟಬೇಡಿ! ಮಾಡಿದ್ದು ಸಾಕು" ಎಂದೆ.

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಕೈಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಹೊರಗೆ ಹೋದವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಯಜಮಾನರಿಗೆ ನಾನು ಬೇರೆ ಕಂಪ್ಯೂಟರ್ ಜೋಡಿಸಿಕೊಟ್ಟೆ. ಕೆಲವು ದಿನ ಬಿಟ್ಟು ಅಕ್ಕ ಮನೆಗೊಂದು ಕಂಪ್ಯೂಟರ್ ಬೇಕು ಎಂದಾಗ, ಮೂಲೆಯಲ್ಲಿ ಬಿದ್ದಿದ್ದ ಇದನ್ನೇ ಎತ್ತಿಕೊಟ್ಟೆ. ಮನೆಬಳಕೆಗೆ ಎಂಟು ಸಾಕು ಎಂದುಕೊಂಡೆ. ಯಾರ ಮನೆಗೆ ಏನು ಕಳಿಸುತ್ತಿದ್ದೇನೆ ಎಂಬ ಯೋಚನೆ ಆಗ ಬರಲಿಲ್ಲ.

ಈಗ ಆನ್ ಮಾಡಿದರೆ ಅದೇ ಸಾಲು. ಹದಿನಾರಿದೆ, ಆದರೆ ಸಿಗುವುದು ಎಂಟು.

ಮೊದಲು ಸೆಟ್ಟಿಂಗ್ ನೋಡಿದೆ. ಮೆಮೊರಿಗೆ ಮಿತಿ ಹಾಕುವ ಒಂದು ಚೌಕ ಇರುತ್ತದೆ, ಯಾರಾದರೂ ತಿಳಿಯದೆ ಅದಕ್ಕೆ ಟಿಕ್ ಹಾಕಿಬಿಟ್ಟಿರುತ್ತಾರೆ. ಇಲ್ಲಿ ಹಾಕಿರಲಿಲ್ಲ. ಆಫ್ ಮಾಡಿ, ವೈರು ಕಿತ್ತು, ಎರಡೂ ಪಟ್ಟಿ ಹೊರಗೆ ತೆಗೆದೆ. ಅವುಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ.

"ಇಷ್ಟೇನಾ ನಿನ್ನ ವಿದ್ಯೆ? ಇದನ್ನ ನಾನೇ ಮಾಡ್ತಿದ್ದೆ" ಎಂದಳು ಅಕ್ಕ.

"ಅರ್ಧ ಕಾಯಿಲೆ ಇದರಲ್ಲೇ ವಾಸಿಯಾಗುತ್ತೆ ಕಣೆ."

ಇದು ವಾಸಿಯಾಗಲಿಲ್ಲ. ಆಮೇಲೆ ಒಂದೊಂದೇ ಪಟ್ಟಿಯನ್ನು ಬೇರೆಬೇರೆಯಾಗಿ ಹಾಕಿ ನೋಡಿದೆ. ಮೊದಲನೆಯ ಜಾಗದಲ್ಲಿ ಈ ಪಟ್ಟಿಯೂ ಸರಿ, ಆ ಪಟ್ಟಿಯೂ ಸರಿ. ಎರಡನೆಯ ಜಾಗದಲ್ಲಿ ಇದೂ ಇಲ್ಲ, ಅದೂ ಇಲ್ಲ. ಅಂದರೆ ಪಟ್ಟಿ ಎರಡೂ ಒಳ್ಳೆಯವೇ. ದೋಷ ಇರುವುದು ಬೇರೆ ಕಡೆ.

ಐದು ನಿಮಿಷದ ಪರೀಕ್ಷೆ. ಅಂಗಡಿಗೆ ಬಂದವರಿಗೆಲ್ಲ ನಾನು ಉಪದೇಶ ಮಾಡುವುದೂ ಇದನ್ನೇ. ಅವತ್ತು ಮಾತ್ರ ಮಾಡಿರಲಿಲ್ಲ.

"ಯಾಕೋ ಸುಮ್ಮನಾದೆ?"

ಫ್ಯಾನಿನ ಕಡೆ ಬಗ್ಗಿ ನೋಡಿದೆ. ನಾಲ್ಕು ಸ್ಕ್ರೂಗಳಲ್ಲಿ ಮೂಲೆಯದ್ದೊಂದು ಉಳಿದವಕ್ಕಿಂತ ಆಳಕ್ಕೆ ಇಳಿದಿತ್ತು. ಅದರ ತಲೆಯ ಸೀಳು ಸವೆದುಹೋಗಿತ್ತು, ಅಷ್ಟು ಜೋರಾಗಿ ತಿರುಗಿಸಿದ್ದೆ. ಆ ಎಳೆತಕ್ಕೆ ಬೋರ್ಡು ಕೂದಲೆಳೆಯಷ್ಟು ಬಾಗಿತ್ತು. ಬೋರ್ಡು ಬಾಗಿದರೆ ಪ್ರೊಸೆಸರಿನ ಕೆಳಗಿನ ಸಣ್ಣ ಸಣ್ಣ ಪಿನ್ನುಗಳು ಒಂದು ಬದಿಯಲ್ಲಿ ಸರಿಯಾಗಿ ತಾಗುವುದಿಲ್ಲ. ಆ ಬದಿಯ ಮೆಮೊರಿ ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ.

ಫ್ಯಾನ್ ಬಿಚ್ಚಿ, ಶಾಖ ಎಳೆಯುವ ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಸವರಿ ಮತ್ತೆ ಕೂರಿಸಿದೆ. ಸವೆದ ಸ್ಕ್ರೂ ಎಸೆದು ಬೇರೆಯದು ತೆಗೆದುಕೊಂಡೆ. ಈ ಸಲ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದೆ. ಎರಡು ಬೆರಳಲ್ಲಿ.

ಹದಿನಾರೂ ಬಂತು.

"ಅಬ್ಬಾ! ಏನಾಗಿತ್ತೋ?" ಅಕ್ಕ ಎದ್ದು ನಿಂತಳು.

"ನನ್ನ ಲಾರಿ ಚಕ್ರದ ಕೈ" ಎಂದೆ. ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಚಾದರವನ್ನು ಮಡಿಸುತ್ತ, "ನನಗೆ ಹೇಳಿ ಏನು ಪ್ರಯೋಜನ? ನಡಿ ಮನೆಗೆ" ಎಂದಳು.

ಪಕ್ಕದ ಮುಚ್ಚಳವನ್ನು ಭಾವನೇ ಹಾಕಲಿ ಎಂದು ಕಂಪ್ಯೂಟರನ್ನು ಬಿಚ್ಚಿದ ಹಾಗೇ ಎತ್ತಿಕೊಂಡೆ. ಗೋಡೆಯ ಮೊಳೆಗೆ ಮೂರು ವರ್ಷದಿಂದ ತೂಗುತ್ತಿದ್ದ ಸ್ಕ್ರೂಡ್ರೈವರನ್ನೂ ತೆಗೆದುಕೊಂಡೆ. ಹಿಡಿಗೆ ಕೆಂಪು ಟೇಪು ಸುತ್ತಿದ ಅದು ಭಾವನದ್ದು. ನಾನು ಅದನ್ನು ಬಳಸಿರಲಿಲ್ಲ, ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಇವತ್ತಲ್ಲ ನಾಳೆ ಬರುತ್ತಾರೆ ಎಂಬ ಆಸೆ ಒಳಗೇ ಇತ್ತು.

ಮನೆಯಲ್ಲಿ ಭಾವ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಒಂದು ತೂಕದ ಮಷೀನು ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ನೋಡಿ, "ಬಾಪ್ಪ, ಕೂತ್ಕೊ" ಎಂದರು. ಇದೇ ನನಗೆ ಕಷ್ಟ. ಅವರು ಎಂದೂ ಮರ್ಯಾದೆಗೆ ಕಡಿಮೆ ಮಾಡಿದವರಲ್ಲ.

ನಿಂತುಕೊಂಡೇ ಹೇಳಿದೆ. "ಭಾವ, ಪಟ್ಟಿ ಎರಡೂ ಸರಿಯಾಗಿದ್ವು. ನಾನು ಫ್ಯಾನ್ ಬಿಗಿದದ್ದು ಜಾಸ್ತಿಯಾಗಿತ್ತು. ತಪ್ಪು ನಂದು."

"ಎಷ್ಟು ತೋರಿಸ್ತು?"

"ಹದಿನಾರು."

"ಹೂಂ." ತೂಕದ ತಟ್ಟೆಯನ್ನು ಪಕ್ಕಕ್ಕಿಟ್ಟರು. "ಯಾವ ಮೂಲೆ?"

"ಮೆಮೊರಿ ಕಡೆಯದ್ದು."

"ಅದೇ ಅಂದುಕೊಂಡಿದ್ದೆ."

"ಗೊತ್ತಿದ್ದೂ ಮೂರು ವರ್ಷ ಯಾಕೆ ಬಿಚ್ಚಲಿಲ್ಲ ಭಾವ? ಅಕ್ಕ ಇಷ್ಟು ಒದ್ದಾಡ್ತಿದ್ಲು."

"ನೀನು ಮುಟ್ಟಬೇಡಿ ಅಂದಿದ್ದೆ" ಎಂದರು. ಚುಚ್ಚುವ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವವರ ಹಾಗೆ. ಅಕ್ಕ ಅಡುಗೆಮನೆಗೆ ಹೋಗಿಬಿಟ್ಟಳು.

ಅವರೇ ಮತ್ತೆ ಕೇಳಿದರು: "ಸ್ಟುಡಿಯೊದವರಿಗೆ ಹೇಳ್ತೀಯಾ ಇದನ್ನ?"

"ಅವರು ಹೋದ ವರ್ಷ ತೀರಿಕೊಂಡ್ರಲ್ಲ."

"ಹೌದು. ಒಳ್ಳೆ ಮನುಷ್ಯ. ದಾರೀಲಿ ಸಿಕ್ಕಿದ್ರೆ ಕೊನೇವರೆಗೂ ನಗ್ತಿದ್ರು. ಆದ್ರೆ ನಾನು ಹತ್ತಿರ ಬಂದ್ರೆ ಕ್ಯಾಮೆರಾ ಚೀಲ ನನ್ನ ಕಡೆಯ ಹೆಗಲಿಂದ ಆಚೆ ಹೆಗಲಿಗೆ ಬದಲಾಯಿಸಿಕೊಳ್ತಿದ್ರು."

ಆಡಿದ ಮಾತು ನಾಲ್ಕು ಜನರ ಎದುರಿಗೆ, ತಪ್ಪೊಪ್ಪಿಗೆ ಊಟದ ಮೇಜಿನ ಎದುರಿಗೆ. ಉಳಿದ ಮೂವರು ಗಿರಾಕಿಗಳು ಯಾರೆಂದೂ ನನಗೆ ಈಗ ನೆನಪಿಲ್ಲ.

"ಅಂಗಡಿಗೆ ಬನ್ನಿ ಭಾವ. ನಿಮ್ಮ ಜಾಗ ಹಾಗೇ ಇದೆ" ಎಂದು ಕೆಂಪು ಟೇಪಿನ ಸ್ಕ್ರೂಡ್ರೈವರ್ ಮುಂದಿಟ್ಟೆ.

ಅವರು ಅದನ್ನು ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿ ನೋಡಿದರು. ಎದ್ದು ಬಂದು, ಕಂಪ್ಯೂಟರಿನ ಮುಚ್ಚಳವನ್ನು ಜಾರಿಸಿ ಕೂರಿಸಿ, ಎರಡೂ ಸ್ಕ್ರೂ ಹಾಕಿದರು. ಎರಡು ಬೆರಳಲ್ಲಿ, ನಿಂತಲ್ಲಿಗೆ ನಿಲ್ಲಿಸಿ. ಸರಿ, ಮುಟ್ಟಿದರಲ್ಲ, ಇನ್ನು ಬಂದೇ ಬರುತ್ತಾರೆ ಎಂದು ನನಗೆ ಜೀವ ಬಂದಂತಾಯಿತು.

ಆದರೆ ಅವರು ಸ್ಕ್ರೂಡ್ರೈವರನ್ನು ನನಗೆ ಹಿಂದಿರುಗಿಸಲಿಲ್ಲ. ತಮ್ಮ ಕೆಲಸದ ಚೀಲದೊಳಗೆ, ತೂಕದ ಬಟ್ಟುಗಳ ಪಕ್ಕದಲ್ಲಿ ಇಟ್ಟು ಜಿಪ್ ಎಳೆದರು.

"ತಂದುಕೊಟ್ಟಿದ್ದು ಒಳ್ಳೇದಾಯ್ತು" ಎಂದರು. "ಇದು ಇಲ್ಲದೆ ಕೈ ಕಟ್ಟಿದ ಹಾಗಿತ್ತು. ಕಾಫಿ ಕುಡಿದು ಹೋಗು."

ಕುಡಿದು ಬಂದೆ. ಅಂಗಡಿಯ ಗೋಡೆಯಲ್ಲಿ ಆ ಮೊಳೆ ಇನ್ನೂ ಇದೆ. ಬೇರೆ ಏನನ್ನೂ ಅದಕ್ಕೆ ನೇತುಹಾಕಿಲ್ಲ.