‘ವಿತ್’ ಬರಲ್ಲ

“ಇಲ್ಲಿ ‘ವಿತ್’ ಬರಲ್ಲ,” ಎಂದು ಟೀಚರ್ ಅವನ ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಎಳೆದಳು.

ಬೇಕರಿಯ ಮೇಲಿನ ಕೋಣೆಯಲ್ಲಿ ಸಂಜೆಯ ಇಂಗ್ಲಿಷ್ ಕ್ಲಾಸು. ಕೀಲಿ ಕೊಡುವ ವಾಚುಗಳು ಹೋಗಿ ಸೆಲ್ಲಿನವು ಬರತೊಡಗಿದ್ದ ಕಾಲ. ಅವುಗಳ ಜೊತೆ ಬರುವ ಇಂಗ್ಲಿಷ್ ಕೈಪಿಡಿ ಓದಬೇಕೆಂದು ವಾಚ್ ರಿಪೇರಿಯವನು ನಲವತ್ತೆರಡನೇ ವಯಸ್ಸಿನಲ್ಲಿ ಬೆಂಚಿಗೆ ಬಂದು ಕೂತಿದ್ದ. ‘ಮ್ಯಾರಿ’ ಪದ ಬಳಸಿ ವಾಕ್ಯ ಬರೆಯಿರಿ ಎಂದರೆ ‘ಐ ವಾಂಟ್ ಟು ಮ್ಯಾರಿ ವಿತ್ ಯೂ’ ಎಂದು ಬರೆದಿದ್ದ.

“ವಿತ್ ಅಂದ್ರೆ ಜೊತೆ ತಾನೇ ಟೀಚರ್?”

“ಹೌದು.”

“ಜೊತೇನೇ ಬೇಡ ಅಂದ್ಮೇಲೆ ಮದುವೆ ಯಾತಕ್ಕೆ?”

ಕ್ಲಾಸು ಗೊಳ್ಳೆಂದಿತು. ಟೀಚರ್ ನಗು ನುಂಗಿಕೊಂಡಳು. “ಇಂಗ್ಲಿಷಲ್ಲಿ ಹಾಗೇ. ನಾಳೆ ಹತ್ತು ಸಲ ಸರಿಯಾಗಿ ಬರ್ಕೊಂಡು ಬನ್ನಿ.”

ಅವನ ಇಂಗ್ಲಿಷೇ ಹಾಗೆ. ಬೇಜಾರಾಗಿದೆ ಎನ್ನಲು ಹೋಗಿ ‘ಐ ಆ್ಯಮ್ ಬೋರಿಂಗ್’ ಎಂದು ತಾನೇ ಬೇಜಾರಿನ ಮನುಷ್ಯನಾಗುತ್ತಿದ್ದ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಎಡವುತ್ತಿದ್ದ. ಆದರೂ ತಿದ್ದುವಾಗ ಟೀಚರ್ ಅವನ ನೋಟ್‌ಬುಕ್ಕನ್ನು ಕೊನೆಗೆಂದು ತೆಗೆದಿಟ್ಟುಕೊಳ್ಳುತ್ತಿದ್ದಳು.

ಮರುದಿನ ಹತ್ತೂ ವಾಕ್ಯ ಸರಿಯಿದ್ದವು. ಕೆಳಗೆ, ಕನ್ನಡದಲ್ಲಿ, ಇನ್ನೊಂದು ಸಾಲು: ‘ಇದು ಹೋಮ್‌ವರ್ಕ್ ಅಲ್ಲ ಟೀಚರ್.’

ಅವಳು ತಟ್ಟನೆ ಪುಸ್ತಕ ಮುಚ್ಚಿದಳು. ಅವಳಿಗೆ ಮೂವತ್ತೊಂಬತ್ತು. ಅಣ್ಣ ಅತ್ತಿಗೆಯ ಮನೆಯಲ್ಲಿ ಅವಳ ಮದುವೆಯ ಮಾತು ನಿಂತೇ ಎಷ್ಟೋ ವರ್ಷವಾಗಿತ್ತು. ಆ ಸಂಜೆ ಬೋರ್ಡಿನ ಮೇಲೆ ಅವಳದೇ ಮೂರು ಸ್ಪೆಲಿಂಗ್ ತಪ್ಪಿದವು.

ಪುಸ್ತಕ ಮುಚ್ಚಿದ್ದನ್ನು ಕೋಪವೆಂದು ತಿಳಿದು ಅವನು ನಾಲ್ಕು ದಿನ ಕ್ಲಾಸಿನ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ಅವಳೇ ನೋಟ್‌ಬುಕ್ ಹಿಡಿದು ಅಂಗಡಿಗೆ ಹೋದಳು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯುವುದನ್ನೂ ಮರೆತು ಅವನು ಎದ್ದು ನಿಂತ.

“ತಪ್ಪು ತಿಳ್ಕೋಬೇಡಿ ಟೀಚರ್, ನಾನು...”

“ತಪ್ಪೇನಿಲ್ಲ. ಹತ್ತೂ ಸರಿ ಇದೆ.” ಅವಳು ನೋಟ್‌ಬುಕ್ಕನ್ನು ಗಾಜಿನ ಮೇಲಿಟ್ಟಳು. “ಭಾನುವಾರ ಮನೇಗೆ ಬಂದು ಅಣ್ಣನ್ನ ಕೇಳಿ.”

ಅವನು ಈಗ ಭೂತಗನ್ನಡಿ ತೆಗೆದ. “ನಮ್ಮ ಭಾಷೇಲೇ ಕೇಳ್ಬಹುದಲ್ವಾ?”

ಅಂದು ತಾನು ನಡುಬೀದಿಗೆ ಕೇಳುವಂತೆ ನಕ್ಕದ್ದನ್ನು ಅವಳು ಈಗಲೂ ನೆನೆಸಿಕೊಳ್ಳುತ್ತಾಳೆ.

ಮದುವೆಯಾಗಿ ಇಪ್ಪತ್ತಾರು ವರ್ಷಗಳಾದವು. ಬೇಕರಿ ಮೊಬೈಲ್ ಅಂಗಡಿಯಾಗಿದೆ. ಮೇಲಿನ ಕೋಣೆಗೆ ಬೀಗ. ಅವನು ಇಂದಿಗೂ ‘ಲಿಸನ್’ ಎನ್ನಬೇಕಾದಲ್ಲಿ ‘ಹಿಯರ್’ ಎನ್ನುತ್ತಾನೆ. ಅವಳು ತಿದ್ದುವುದನ್ನು ಬಿಟ್ಟಿದ್ದಾಳೆ.

ಈಚೆಗೆ ರಿಪೇರಿಗೆ ಕೂತರೆ ಅವನ ಕೈ ನಡುಗುತ್ತದೆ. ಆಗ ಅವಳು ಸ್ಟೂಲನ್ನು ಹತ್ತಿರಕ್ಕೆಳೆದು ಕೂರುತ್ತಾಳೆ. ಅವನು ಟೇಬಲ್ ಲ್ಯಾಂಪು ಬಗ್ಗಿಸಿಕೊಡುತ್ತಾನೆ. ಎಳ್ಳುಕಾಳಿನಷ್ಟು ಸ್ಕ್ರೂವನ್ನು ಅವಳು ಚಿಮಟದಲ್ಲಿ ಎತ್ತುತ್ತಾಳೆ. ಅದು ತನ್ನ ಜಾಗದಲ್ಲಿ ಕೂರುವವರೆಗೆ ಇಬ್ಬರೂ ಉಸಿರು ಬಿಡುವುದಿಲ್ಲ.