ನಲವತ್ತೆರಡು ಸೊನ್ನೆ

ನಲವತ್ತೊಂದು ಸಲ ಬ್ಯಾಟು ಹಿಡಿದು ಹೋಗಿ ನಲವತ್ತೊಂದು ಸಲವೂ ಬೇಸು ಮುಟ್ಟಿಸುವ ಒಂದು ಹಿಟ್ ಇಲ್ಲದೆ ಹಿಂತಿರುಗಿದ ಮೇಲೆ, ರಾಯ್ಸ್ ಕ್ಲಿಂಗರ್‌ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುವವರೇ ಇಲ್ಲವಾದರು. ಅದೇನು ಸಿಡುಬೇ, ಅಂಟಲಿಕ್ಕೆ? ನಮ್ಮ ಬೇಸ್‌ಬಾಲ್ ತಂಡದ ಗಾಯಗಳಿಗೆ ಪಟ್ಟಿ ಕಟ್ಟುವ ನಾನೊಬ್ಬ ಕೂರುತ್ತಿದ್ದೆ. ನನಗೆ ಬ್ಯಾಟು ಹಿಡಿಯುವ ಕರ್ಮವಿರಲಿಲ್ಲ.

ರೋಗ ಎಲ್ಲರಿಗೂ ಗೊತ್ತಿತ್ತು. ಮೇ ತಿಂಗಳಲ್ಲಿ ಒಂದು ಚೆಂಡು ಅವನ ಕೆನ್ನೆಯ ಮೂಳೆ ಮುರಿದಿತ್ತು. ಅಂದಿನಿಂದ ಚೆಂಡೆಸೆಯುವ ಪಿಚರ್‌ನ ಕೈಯಿಂದ ಅದು ಹೊರಡುವ ಮೊದಲೇ ಅವನ ಎಡಗಾಲು ತಾನಾಗಿಯೇ ಪಕ್ಕಕ್ಕೆ ಜಾರುತ್ತಿತ್ತು. ನಮ್ಮ ಅಯೋವಾದ ಊರಿನಲ್ಲಿ ಮೈದಾನದ ಬೇಲಿಯಾಚೆಗೇ ಹಂದಿ ಕಡಿಯುವ ಕಾರ್ಖಾನೆ. ಅಲ್ಲಿಯ ಕೆಲಸಗಾರರೇ ನಮ್ಮ ಪ್ರೇಕ್ಷಕರು.

"ಲೋ ರಾಯ್ಸ್, ನಮ್ಮ ಹಂದಿಗಳೂ ನಿನಗಿಂತ ನೆಟ್ಟಗೆ ನಿಲ್ತವೆ ಕಣೋ!"

ಸ್ಕಿಪ್ ಎಂದು ನಾವೆಲ್ಲ ಕರೆಯುವ ಮ್ಯಾನೇಜರ್ ಟ್ಯಾಕೆಟ್ ಶುಕ್ರವಾರ ಚಿಕಿತ್ಸೆ ಮಾಡಿದ. ಎಡಗಾಲನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಕಂಬಕ್ಕೆ ಕಟ್ಟಿ, ಹತ್ತು ಹೆಜ್ಜೆ ದೂರದಿಂದ ಪಕ್ಕೆಲುಬಿಗೆ ಚೆಂಡು ಎಸೆದ.

"ನೋವಾಯ್ತಾ?"

"ಇಲ್ಲ ಸ್ಕಿಪ್."

"ಸುಳ್ಳು ಬೊಗಳ್ಬೇಡ. ಇನ್ನೊಂದು ತಗೋ."

ಇಪ್ಪತ್ತೆರಡು ತಗೊಂಡ. ಹಗ್ಗ ಬಿಚ್ಚಿದ ಕೂಡಲೆ ಕಾಲು ಮತ್ತೆ ಜಾರಿತು.

"ಭಾನುವಾರ ಆಟ ಮುಗಿಯೋದ್ರೊಳಗೆ ಒಂದು ಹಿಟ್ ಬೇಕು. ಇಲ್ಲಾಂದ್ರೆ ಸೋಮವಾರದ ಬಸ್ಸಿಗೆ ಊರಿಗೆ ಹೋಗು," ಎಂದ ಸ್ಕಿಪ್.

ಭಾನುವಾರ ನಮ್ಮ ಪಿಚರ್ ಮಾಸ್ಸಿ ಚೆಂಡೆಸೆದು ಎದುರಾಳಿಯೊಬ್ಬನ ಮೊಣಕೈ ಒಡೆದ. ಇದಕ್ಕೆ ಬರೆಯದ ಕಾನೂನಿದೆ: ಒಬ್ಬನಿಗೆ ಒಬ್ಬ. ಮುಂದಿನ ಸರದಿಯ ನಮ್ಮ ಮೊದಲ ಬ್ಯಾಟಿನವನ ಬೆನ್ನಿಗೆ ಅವರು ಎಸೆಯಬೇಕು. ಅವನು ತಗೊಂಡು, ನೋವಿದ್ದ ಜಾಗ ಉಜ್ಜಿಕೊಳ್ಳದೆ, ಪೆಟ್ಟಿಗೆ ಪರಿಹಾರವಾಗಿ ಸಿಗುವ ಫಸ್ಟ್ ಬೇಸಿಗೆ ನಡೆಯಬೇಕು. ಆ ಮೊದಲನೆಯವನು ರಾಯ್ಸ್.

"ಫಸ್ಟ್ ಬೇಸ್ ನೋಡ್ಕೊಂಡು ಬಾ," ಎಂದ ಮಾಸ್ಸಿ. "ಇನ್ನೂ ಅಲ್ಲೇ ಇದೆಯಂತೆ."

ಅವರ ಪಿಚರ್ ಬೇನ್ಸ್ ಮರ್ಯಾದಸ್ಥ. ತಲೆ ಬಿಟ್ಟು ಪಕ್ಕೆಗೇ ಎಸೆದ. ಆದರೆ ಚೆಂಡು ಎಲ್ಲಿಗೆ ಬರುತ್ತದೆಂದು ರಾಯ್ಸ್‌ಗೆ ಮೂರು ವಾರಗಳಲ್ಲಿ ಮೊದಲ ಸಲ ಖಂಡಿತವಾಗಿ ಗೊತ್ತಿತ್ತು. ಕಾಲು ಪಕ್ಕಕ್ಕೆ ಜಾರಿತು. ಪಕ್ಕೆಗೆ ಬಂದ ಚೆಂಡು ಬ್ಯಾಟಿನ ಎದುರಿಗೇ ಸಿಕ್ಕಿತು. ಬೀಸಿದ.

ಚೆಂಡು ನೇರವಾಗಿ ಬೇನ್ಸ್‌ನ ಬಾಯಿಗೆ ಹೋಯಿತು. ಒಣ ಕಟ್ಟಿಗೆ ಮುರಿದ ಸದ್ದು. ಅವನು ಮಂಡಿಯೂರಿ ಹಲ್ಲುಗಳನ್ನು ಅಂಗೈಗೆ ಉಗಿದುಕೊಂಡ. ದವಡೆಯಿಂದ ಪುಟಿದ ಚೆಂಡನ್ನು ಮೂರನೇ ಬೇಸು ಕಾಯುವವನು ನೆಲ ಮುಟ್ಟುವ ಮೊದಲೇ ಹಿಡಿದ. ಅಂಪೈರ್ ಕೈಯೆತ್ತಿದ: ಔಟ್. ನಲವತ್ತೆರಡು.

ಬೇರೆ ಯಾರಾದರೂ ಆಗ ಬೇನ್ಸ್‌ನ ಹತ್ತಿರ ಓಡುತ್ತಿದ್ದರು. ರಾಯ್ಸ್ ಅಂಪೈರ್‌ನ ಹತ್ತಿರ ಓಡಿದ.

"ಔಟ್ ಹೇಗಾಗತ್ತೆ? ಅವನು ಅಡ್ಡ ನಿಂತಿದ್ದ!"

ಎದುರಾಳಿಗಳು ಇಡೀ ತಂಡವಾಗಿ ಅವನ ಮೇಲೆ ಬಿದ್ದರು, ನಮ್ಮವರು ಅವರ ಮೇಲೆ. ಮೊಳೆ ಬೂಟುಗಳು ತೊಡೆ ಸೀಳಿದವು. ಮಾಸ್ಸಿ ಯಾರದೋ ಕಿವಿ ಕಚ್ಚಿದ. ಯಾರದೆಂದು ಆಮೇಲೆ ಕೇಳಿದರೆ, "ಮುಖ ನೋಡ್ಲಿಲ್ಲ" ಎಂದ. ರಾಶಿಯ ತಳದಿಂದ ರಾಯ್ಸ್‌ನ ದನಿ ಬರುತ್ತಲೇ ಇತ್ತು: "ಅದು ಹಿಟ್ ಕಣ್ರೋ!" ಕೊನೆಗೆ ಅಂಪೈರ್ ಮೂವರನ್ನು ಹೊರಹಾಕಿದ. ಬರೀ ಒದೆ ತಿಂದವನನ್ನು ಹೊರಹಾಕುವ ನಿಯಮವಿಲ್ಲದ್ದರಿಂದ ರಾಯ್ಸ್ ಉಳಿದ.

ಆಟದ ಏಳನೆಯ ಸರದಿಗೆ ಅವನ ಎಡಗಣ್ಣು ಬದನೆಕಾಯಿಯಂತೆ ಊದಿ ಮುಚ್ಚಿತ್ತು. ಹೊಸ ಪಿಚರ್ ಕಿವಿಯ ಪಕ್ಕಕ್ಕೇ ಒಂದು ಬಿಟ್ಟ. ರಾಯ್ಸ್ ಅಲುಗಲಿಲ್ಲ, ಏಕೆಂದರೆ ಅದು ಅವನಿಗೆ ಕಾಣಲಿಲ್ಲ. ಮುಂದಿನದು ಅರ್ಧ ಕಂಡಿತು. ಹೆದರಲಿಕ್ಕೆ ಅಷ್ಟು ಸಾಲದು, ಹೊಡೆಯಲಿಕ್ಕೆ ಸಾಕು. ಎಡಗಾಲು ನೆಟ್ಟಲ್ಲೇ ನಿಂತಿತು. ಚೆಂಡು ಒಂದು, ಎರಡನೇ ಬೇಸುಗಳ ನಡುವಿನಿಂದ ಹುಲ್ಲಿಗೆ ಓಡಿತು: ಹಿಟ್. ಹಂದಿ ಕಡಿಯುವವರು ಎದ್ದು ನಿಂತು ಕೂಗಿದರು.

ನಾನು ಐಸು ತಂದರೆ ಅವನು ಕೈ ತಳ್ಳಿದ. "ಬೇಡ, ಊತ ಇಳಿದ್ಬಿಟ್ಟೀತು."

ಸ್ಕಿಪ್ ಬಸ್ಸಿನ ಮಾತೆತ್ತಲಿಲ್ಲ. ಸೋಮವಾರ ರಾಯ್ಸ್ ಎರಡು ಹಿಟ್ ಹೊಡೆದ, ಮಂಗಳವಾರ ಒಂದು. ಬುಧವಾರ ಬೆಳಿಗ್ಗೆ ರೆಪ್ಪೆ ತೆರೆದುಕೊಂಡಿತು.

ಆಟಕ್ಕೆ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಮಾಸ್ಸಿಯ ಎದುರು ನಿಂತು ಗಲ್ಲ ಎತ್ತಿದ.

"ಒಂದು ಕೊಡಪ್ಪ. ಎಡಗಣ್ಣಿಗೆ."

"ಮೆಲ್ಲಗಾ?"

"ಮೆಲ್ಲಗೆ ಕೊಟ್ರೆ ಊದತ್ತೇನೋ?"

ಮಾಸ್ಸಿ ನನ್ನ ಕಡೆ ನೋಡಿದ. ನಾನು ಪಟ್ಟಿ ಸುತ್ತುವುದರಲ್ಲಿ ಮಗ್ನನಾದೆ. ಅವನು ಚೆಂಡೆಸೆಯುವ ಬಲಗೈಯನ್ನು ಜೋಪಾನವಾಗಿ ಬೆನ್ನ ಹಿಂದಿಟ್ಟುಕೊಂಡು, ಎಡಗೈಯಲ್ಲಿ ಹೊಡೆದ.